ಅಜ್ಜನ ಮಣೆ ಬೀಟೆಯದಾ? ತೂಕ ಹೇಳಿದ್ದು, ಕಣ್ಣು ಹೇಳಿದ್ದು

ಕಳೆದ ಭಾನುವಾರದ ಮಾತನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ವಿಡಿಯೋದಲ್ಲಿ ಅವಸರವಾಗಿ ಹೇಳಿ ಮುಗಿಸಿದ ಲೆಕ್ಕಗಳನ್ನು ಇಲ್ಲಿ ನಿಧಾನವಾಗಿ ಬಿಡಿಸಿದ್ದೇನೆ.

ಈ ಸಲದ ವಿಷಯ ಒಂದು ಮಣೆ. ಊಟಕ್ಕೆ ಕೂರುವ ಮರದ ಮಣೆ.

ನಮ್ಮೂರು ಶಿರಸಿ ಕಡೆ. ನಾನು ಪುಣೆಗೆ ಬಂದು ಹದಿನಾಲ್ಕು ವರ್ಷ ಆಯ್ತು, ಕೆಲಸ ಹಿಂಜೆವಾಡಿಯಲ್ಲಿ. ಹೋದ ವರ್ಷ ಊರಿನ ಹಳೇ ಮನೆ ಬಿಚ್ಚಿದರು. ಪಾತ್ರೆ, ಕಂಬ, ಬಾಗಿಲು ಎಲ್ಲಾ ಹಂಚಿಕೆ ಆಯ್ತು. ಯಾರೂ ಕೇಳದೆ ಉಳಿದದ್ದು ಒಂದು ಕಪ್ಪು ಮಣೆ. ನಾನು ತಗೊಂಡೆ. ದೊಡ್ಡಪ್ಪ ಮುಖ ತಿರುಗಿಸಿದರು. "ತಮಾ, ಅದನ್ನ ಎಂತಕ್ಕೆ ತಗಂಡು ಹೋಗ್ತೆ?" ಅಂದರು.

ಯಾಕೆ ಹಾಗಂದ್ರು ಅಂತ ಹೇಳಬೇಕು. 1950ರ ದಶಕದಲ್ಲಿ ನಮ್ಮ ಬೆಟ್ಟದಲ್ಲಿದ್ದ ಒಂದು ಬೀಟೆ ಮರ ರಾತ್ರೋರಾತ್ರಿ ಕಾಣೆಯಾಯ್ತು. ಬುಡ ಮಾತ್ರ ಉಳಿದಿತ್ತು. ಅರಣ್ಯದವರು ಬಂದರು, ಪಂಚನಾಮೆ ಆಯ್ತು, ಅಜ್ಜ ದಂಡ ಕಟ್ಟಿದರು. ಆ ವರ್ಷದ ಅಡಿಕೆ ದುಡ್ಡು ಅದಕ್ಕೇ ಹೋಯ್ತು. ಹೈಸ್ಕೂಲಿಗೆ ಹೋಗಬೇಕಿದ್ದ ದೊಡ್ಡಪ್ಪ ತೋಟಕ್ಕೆ ಇಳಿದರು. ಅಜ್ಜ ಸಾಯುವ ತನಕ "ನಾನು ಕಡಿದಿಲ್ಲ" ಅನ್ನುತ್ತಲೇ ಇದ್ದರು. ಊರು ನಂಬಲಿಲ್ಲ. ಕಾರಣ ಈ ಮಣೆ. "ಕಡಿಯದೇ ಇದ್ದರೆ ಅವರ ಮನೆಗೆ ಬೀಟೆ ಮಣೆ ಎಲ್ಲಿಂದ ಬಂತು?" ಅಂತ ಮಾತು. ಆಮೇಲೆ ಆ ಮಣೆಯನ್ನು ನೆಂಟರಿಗೆ ಹಾಕಲಿಲ್ಲ, ಮನೆಯವರೂ ಕೂರಲಿಲ್ಲ. ಒಲೆಯ ಮೇಲಿನ ಅಟ್ಟ ಸೇರಿ ಹೊಗೆ ಕುಡಿಯುತ್ತಾ ಬಿದ್ದಿತ್ತು. ದೊಡ್ಡಪ್ಪನಿಗೆ ಈಗ ಎಂಬತ್ತು ದಾಟಿದೆ. ತಮ್ಮ ಅಪ್ಪ ಸುಳ್ಳು ಹೇಳಿದರು ಅಂತಲೇ ಅವರು ಇಷ್ಟು ವರ್ಷ ನಂಬಿದ್ದರು.

ನಾನು ಇತಿಹಾಸ ಓದೋ ಚಟದವನು. ನನಗೆ ಹೊಳೆದ ಪ್ರಶ್ನೆ ಚಿಕ್ಕದು. ಇದು ಬೀಟೆನೇ ಅಂತ ಹೇಳಿದವರು ಯಾರು?

ಪುಣೆಯ ಒಂದು ಫರ್ನಿಚರ್ ಶೋರೂಮಿನಲ್ಲಿ ತೋರಿಸಿದೆ. ಅವನು ಮುಟ್ಟಲೂ ಇಲ್ಲ. ಬಣ್ಣ ನೋಡಿ "ಶೀಶಮ್ ಸರ್" ಅಂದ. ಶೀಶಮ್ ಅನ್ನೋದೇ ಗೊಂದಲದ ಹೆಸರು. ಉತ್ತರದಲ್ಲಿ ಅದು ಬೀಟೆಯ ದಾಯಾದಿಯಾದ ಬೇರೆ ಮರ. ನಮ್ಮ ಬೀಟೆಗೆ ಮರಾಠಿಯಲ್ಲಿ ಶಿಸವ ಅಂತಾರೆ, ಮಲಯಾಳಂನಲ್ಲಿ ಈಟಿ. ಅಂಗಡಿಯಲ್ಲಿ ಕಪ್ಪಗೆ ಭಾರವಾಗಿ ಇರೋದೆಲ್ಲಾ ಶೀಶಮ್, ಹಳದಿ ಕಂದು ಇರೋದೆಲ್ಲಾ ಸಾಗವಾನಿ. ನೀವು ಬಾಡಿಗೆ ಮನೆಗೆ ಮಂಚ ಕೊಂಡಿದ್ದರೆ ಈ ಅನುಭವ ಇರುತ್ತೆ.

ಬಣ್ಣವನ್ನು ನಂಬೋ ಹಾಗಿಲ್ಲ. ಹೊಗೆ, ಎಣ್ಣೆ, ಪಾಲಿಶ್, ಬಿಸಿಲು, ಎಲ್ಲವೂ ಬಣ್ಣ ಬದಲಿಸುತ್ತವೆ. ಹಾಗಾಗಿ ತೂಕದಿಂದ ಶುರು ಮಾಡೋಣ.

ಯಾವ ಮರವನ್ನೇ ತಗೊಳ್ಳಿ, ಅದರ ಜೀವಕೋಶದ ಗೋಡೆ ಹೆಚ್ಚುಕಡಿಮೆ ಒಂದೇ ವಸ್ತು. ಅದರ ಸಾಂದ್ರತೆ ನೀರಿನ ಒಂದೂವರೆ ಪಟ್ಟು. ಅಂದ್ರೆ ಒಳಗಿನ ಗಾಳಿಯೆಲ್ಲಾ ಹೋದರೆ ಯಾವ ಮರವಾದರೂ ಮುಳುಗಬೇಕು. ಬಾಲ್ಸಾ ಹತ್ತಿಯಂತೆ ಹಗುರ, ಕರಿಮರ ಕಲ್ಲಿನಂತೆ ಭಾರ. ಈ ವ್ಯತ್ಯಾಸ ಬರೋದು ಮುಖ್ಯವಾಗಿ ಗೋಡೆ ಎಷ್ಟು, ಖಾಲಿ ಜಾಗ ಎಷ್ಟು ಅನ್ನೋದರಿಂದ. ಆ ಅನುಪಾತ ಒಂದೊಂದು ಜಾತಿಗೆ ಒಂದೊಂದು ಥರ. ಮರದಿಂದ ಮರಕ್ಕೆ ನೂರಕ್ಕೆ ಹತ್ತರಷ್ಟು ಆಚೀಚೆ ಆಗಬಹುದು, ಆದರೂ ಗುರುತು ಉಳಿಯುತ್ತೆ. ಒಂದೇ ಷರತ್ತು, ಮರ ಚೆನ್ನಾಗಿ ಒಣಗಿರಬೇಕು. ಹಸಿ ಮರದಲ್ಲಿ ನೀವು ನೀರನ್ನೇ ತೂಗುತ್ತಿರುತ್ತೀರಿ.

ಈ ಹಸಿ ಒಣ ಲೆಕ್ಕ ಸಾಮ್ರಾಜ್ಯಗಳಿಗೂ ಬೇಕಾಗಿತ್ತು. ಹಸಿ ಸಾಗವಾನಿಯನ್ನು ನಂಬಿ ಹೊಳೆಗೆ ಬಿಟ್ಟರೆ ತೇಲೋದಿಲ್ಲ. ಅದಕ್ಕೆ ಮರ ನಿಂತಿರುವಾಗಲೇ ಬುಡದ ಸುತ್ತ ತೊಗಟೆ ಮತ್ತು ಹೊರಗಿನ ಬಿಳಿ ಮರವನ್ನು ಉಂಗುರದ ಹಾಗೆ ಕೆತ್ತಿ, ಎರಡು ಮೂರು ವರ್ಷ ನಿಂತಲ್ಲೇ ಒಣಗಿಸಿ, ಆಮೇಲೆ ಕಡಿದು ನೀರಿಗೆ ಬಿಡುತ್ತಿದ್ದರು. ಹೀಗೆ ಪಶ್ಚಿಮ ಕರಾವಳಿಯ ಸಾಗವಾನಿ ಮುಂಬೈ ಹಡಗುಕಟ್ಟೆ ಸೇರುತ್ತಿತ್ತು. 1817ರಲ್ಲಿ ಮುಂಬೈಯಲ್ಲಿ ವಾಡಿಯಾ ಮನೆತನದವರು ಸಾಗವಾನಿಯಲ್ಲಿ ಕಟ್ಟಿದ ಟ್ರಿಂಕೋಮಲಿ ಅನ್ನೋ ಯುದ್ಧನೌಕೆ ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಾ ನಿಂತಿದೆ. ಈ ಮರಕ್ಕಾಗಿಯೇ 1806ರಲ್ಲಿ ಕಂಪನಿ ಸರ್ಕಾರ ಕ್ಯಾಪ್ಟನ್ ವಾಟ್ಸನ್ ಅನ್ನೋ ಅಧಿಕಾರಿಯನ್ನು ಮಲಬಾರಿನ ಕಾಡಿನ ಉಸ್ತುವಾರಿಗೆ ಕೂರಿಸಿತು.

ಕಾಡು ಸರ್ಕಾರದ್ದು ಅಂತ ಆದ ಮೇಲೆ, ಯಾವ ಮರ ಯಾವುದು ಅಂತ ದಾಖಲೆಯೂ ಬೇಕಲ್ವಾ? ಬೆಲೆಯ ಮರಕ್ಕೆ ಒಂದು ಕಾನೂನು, ಉಳಿದದ್ದಕ್ಕೆ ಇನ್ನೊಂದು. ಈ ಪದ್ಧತಿ ಬ್ರಿಟಿಷರಿಂದಲೇ ಶುರುವಾಗಿದ್ದೂ ಅಲ್ಲ. ಟಿಪ್ಪು ಸುಲ್ತಾನ 1792ರಲ್ಲಿ ಗಂಧವನ್ನು ರಾಜಮರ ಅಂತ ಸಾರಿದ್ದ. ಬ್ರಿಟಿಷರು ಅದನ್ನು ಲೆಕ್ಕಪುಸ್ತಕಕ್ಕೆ ತಂದರು. ಜೇಮ್ಸ್ ಸೈಕ್ಸ್ ಗ್ಯಾಂಬಲ್ ಅನ್ನೋ ಅರಣ್ಯಾಧಿಕಾರಿ 1881ರಲ್ಲಿ ಭಾರತದ ಮರಮುಟ್ಟುಗಳ ಕೈಪಿಡಿ ಬರೆದ. 1902ರಲ್ಲಿ ಅದರ ಎರಡನೇ ಆವೃತ್ತಿ ಬಂತು. ಅದರಲ್ಲಿ ಮರದ ವರ್ಣನೆ ಇದೆ, ಬೇರೆ ಬೇರೆ ಭಾಷೆಗಳ ಹೆಸರಿದೆ, ಒಂದು ಘನ ಅಡಿಗೆ ಎಷ್ಟು ಪೌಂಡ್ ಅನ್ನೋ ತೂಕ ಇದೆ. ಇವತ್ತಿನ ಲೆಕ್ಕಕ್ಕೆ, ಘನ ಅಡಿಗೆ ಒಂದು ಪೌಂಡ್ ಅಂದ್ರೆ ಘನ ಮೀಟರಿಗೆ ಸುಮಾರು 16 ಕೆಜಿ.

ಈಗ ನನ್ನ ಮಣೆ. ಅಡಿಯ ಎರಡು ಅಡ್ಡಪಟ್ಟಿ ಲಡ್ಡಾಗಿ ಬಿದ್ದುಹೋಗಿದ್ದವು, ಉಳಿದದ್ದು ಒಂದೇ ಹಲಗೆ. 45 ಸೆಂಟಿಮೀಟರ್ ಉದ್ದ, 30 ಅಗಲ, 3 ದಪ್ಪ. ಗುಣಿಸಿದರೆ 4050 ಘನ ಸೆಂಟಿಮೀಟರ್. ಅಂಚು ಸವೆದದ್ದಕ್ಕೆ ಸ್ವಲ್ಪ ಕಳೆದು 4000 ಅಂತ ಹಿಡಿದೆ. ತೂಕ 3.4 ಕೆಜಿ. ಭಾಗಿಸಿದರೆ 0.85. ಘನ ಮೀಟರಿಗೆ 850 ಕೆಜಿ.

ನಿಮ್ಮ ಹತ್ತಿರ ಇರೋದು ಅಡ್ಡಾದಿಡ್ಡಿ ಆಕಾರದ ಚಿಕ್ಕ ತುಂಡಾದರೆ ಇನ್ನೊಂದು ದಾರಿ ಇದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆ ಮಾಡಿ. ಮರದ ತುಂಡನ್ನು ಸೂಜಿಯಿಂದ ಚುಚ್ಚಿ, ಪಾತ್ರೆಗೆ ತಾಗದ ಹಾಗೆ ಪೂರ್ತಿ ನೀರೊಳಗೆ ಒತ್ತಿ ಹಿಡಿಯಿರಿ. ತಕ್ಕಡಿ ತೋರಿಸುವ ಗ್ರಾಂ ಎಷ್ಟೋ ಆ ತುಂಡಿನ ಗಾತ್ರ ಅಷ್ಟು ಮಿಲಿಲೀಟರ್. ನೆನೆಸೋದಕ್ಕೆ ಮುಂಚೆ ಒಣ ತೂಕ ಬರೆದುಕೊಂಡಿರಿ.

ನಮ್ಮ ಕಡೆಯ ಮರಗಳ ಸುಮಾರು ಲೆಕ್ಕ ಹೀಗಿದೆ. ಹಲಸು, ಹೆಬ್ಬಲಸು 600ರ ಆಸುಪಾಸು. ಸಾಗವಾನಿ, ನಂದಿ 650. ಹೊನ್ನೆ 800. ಬೀಟೆ 850. ಮತ್ತಿ 850ರಿಂದ 900. ಜಂಬೆ ಅದಕ್ಕೂ ಕೊಂಚ ಮೇಲೆ ಹೋಗುತ್ತೆ. ಅಂದ್ರೆ ತೂಕ ಒಂದೇ ಏಟಿಗೆ ಸಾಗವಾನಿ, ನಂದಿ, ಹಲಸುಗಳನ್ನು ಪಟ್ಟಿಯಿಂದ ಹೊರಗೆ ಹಾಕಿತು. ಉಳಿದದ್ದು ನಾಲ್ಕು: ಹೊನ್ನೆ, ಬೀಟೆ, ಮತ್ತಿ, ಜಂಬೆ. ಇದು ಯಾವುದಲ್ಲ ಅಂತ ತೂಕ ಖಚಿತವಾಗಿ ಹೇಳುತ್ತೆ. ಯಾವುದು ಅಂತ ಹೇಳೋದಕ್ಕೆ ಅದೊಂದೇ ಸಾಲದು. ಬೀಟೆ ಇನ್ನೂ ಪಟ್ಟಿಯಲ್ಲೇ ಇತ್ತು. ನಿಜ ಹೇಳ್ತೀನಿ, ಆ ಸಂಜೆ ನನಗೆ ಸ್ವಲ್ಪ ಭಯವೇ ಆಯ್ತು.

ಮೊದಲು ಹೊನ್ನೆ. ಇದನ್ನು ಪರೀಕ್ಷಿಸೋದು ಸುಲಭ, ಇದರ ಕಥೆಯೂ ದೊಡ್ಡದು. ಹೊನ್ನೆ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯೋದನ್ನು ನೀವು ನೋಡಿರಬಹುದು. ಸಕ್ಕರೆ ಕಾಯಿಲೆಗೆ ಅಂತ ಮಾರುತ್ತಾರೆ. ಆ ಔಷಧದ ಮಾತು ಇಲ್ಲಿ ಬೇಡ, ನೀರಿನ ಬಣ್ಣ ನೋಡಿ. ಬೆಳಕಿಗೆ ಹಿಡಿದರೆ ಕಂದು ನೀರಿನಲ್ಲಿ ನೀಲಿ ಹೊಳಪು ಕಾಣುತ್ತೆ. 1565ರಲ್ಲಿ ಸ್ಪೇನಿನ ವೈದ್ಯ ನಿಕೊಲಾಸ್ ಮೊನಾರ್ಡೆಸ್, ಮೆಕ್ಸಿಕೋದಿಂದ ಬಂದ ಒಂದು ಮರ ನೀರಿಗೆ ಹೀಗೆ ನೀಲಿ ಕೊಡುತ್ತೆ ಅಂತ ಬರೆದ. ಯುರೋಪಿನವರಿಗೆ ಹುಚ್ಚು ಹಿಡಿಯಿತು. ರಾಬರ್ಟ್ ಬಾಯ್ಲ್ ಅದರ ಮೇಲೆ ಪ್ರಯೋಗ ಮಾಡಿದ. ಇವತ್ತು ನಾವು ಪ್ರತಿದೀಪ್ತಿ ಅನ್ನೋ ವಿದ್ಯಮಾನದ ಮೊದಮೊದಲ ದಾಖಲೆಗಳು ಇವು. ಆದರೆ ಆ ಮರ ಯಾವುದು ಅನ್ನೋದು ಮುನ್ನೂರು ವರ್ಷ ಗೋಜಲಾಗಿಯೇ ಉಳಿಯಿತು. 1915ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ವಿಲಿಯಂ ಸ್ಯಾಫರ್ಡ್ ಬಿಡಿಸಿದ. ಅವನು ಕಂಡುಕೊಂಡದ್ದು ಒಂದೇ ಹೆಸರಿನಡಿ ಎರಡು ಮರ ಸೇರಿಕೊಂಡಿವೆ ಅಂತ. ಒಂದು ಮೆಕ್ಸಿಕೋದ ಪೊದೆಮರ. ಇನ್ನೊಂದು ಫಿಲಿಪೈನ್ಸಿನಲ್ಲಿ ಬಟ್ಟಲು ಮಾಡುತ್ತಿದ್ದ ದೊಡ್ಡ ಮರ, ಅದು ನಮ್ಮ ಹೊನ್ನೆಯ ಸ್ವಂತ ಕುಲದ್ದು. ಎರಡನ್ನೂ ಒಂದೇ ಅಂದುಕೊಂಡಷ್ಟು ಕಾಲ ಲೆಕ್ಕ ಕೂಡಿಬರಲಿಲ್ಲ.

ನಾನು ಮಣೆಯ ಅಡಿಯಿಂದ ಒಂದಿಷ್ಟು ಹೊಟ್ಟು ಕೆರೆದು ಗಾಜಿನ ಲೋಟದ ನೀರಿಗೆ ಹಾಕಿದೆ. ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಬಿಸಿಲಿಗೆ ಹಿಡಿದರೆ ನೀಲಿ ಇಲ್ಲ, ಬರೀ ಚಹಾ ಬಣ್ಣ. ಹೊನ್ನೆ ಹೋಯ್ತು.

ಇನ್ನು ಕಣ್ಣಿನ ಕೆಲಸ. ಮರವನ್ನು ನೋಡಬೇಕಾದ ಜಾಗ ಮೇಲ್ಮೈ ಅಲ್ಲ, ಅಡ್ಡ ಕೊಯ್ದ ತುದಿ. ಹೊಸ ಬ್ಲೇಡಿನಿಂದ ಬೆರಳುಗುರಿನಷ್ಟು ಜಾಗ ನುಣ್ಣಗೆ ಕೊಯ್ದು, ಒದ್ದೆ ಮಾಡಿ, ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ನೋಡಿದರೆ ಬೇರೆಯದೇ ಲೋಕ. ನೀರು ಏರಿದ ಕೊಳವೆಗಳು ಚುಕ್ಕಿ ಚುಕ್ಕಿಯಾಗಿ ಕಾಣುತ್ತವೆ. ಸಾಗವಾನಿಯಾದರೆ ಪ್ರತಿ ವರ್ಷದ ಉಂಗುರದ ಶುರುವಿನಲ್ಲಿ ದೊಡ್ಡ ಚುಕ್ಕಿಗಳ ಸಾಲು, ಆಮೇಲೆ ಸಣ್ಣವು. ಬೀಟೆಯಾದರೆ ಚುಕ್ಕಿಗಳ ನಡುವೆ ತೆಳುವಾದ ತುಂಡು ತುಂಡು ಗೆರೆಗಳು. ಜೊತೆಗೆ ಹಲಗೆಯ ಮುಖದ ಮೇಲೆ, ಬೆಳಕನ್ನು ಓರೆಯಾಗಿ ಬಿಟ್ಟರೆ, ಕೆರೆಯ ಅಲೆಯ ಹಾಗೆ ಬಹಳ ಸಣ್ಣ ಅಡ್ಡಗೆರೆಗಳು. ಹೊಸದಾಗಿ ಕೆರೆದರೆ ನೇರಳೆ ಛಾಯೆ, ಮಂದ ಪರಿಮಳ. ಮತ್ತಿಯಲ್ಲಿ ಕೊಳವೆಯ ಸುತ್ತ ತಿಳಿಬಣ್ಣದ ಅಂಗಾಂಶ ಕಣ್ಣಿನ ಆಕಾರದಲ್ಲಿ, ಕೆಲವು ಕಡೆ ರೆಕ್ಕೆ ಬಿಚ್ಚಿದ ಹಾಗೆ ಇರುತ್ತೆ. ಬಣ್ಣ ಕಂದು, ಮಧ್ಯೆ ಕಡುಕಂದು ಪಟ್ಟೆ. ಜಂಬೆಯ ಒಳಬಣ್ಣ ಕೆಂಪಿನ ಕಡೆಗೆ.

ಇದೆಲ್ಲಾ ಬರೀ ಬಡಗಿಗಳ ಲೋಕದ ಮಾತಲ್ಲ. ಡೆಹ್ರಾಡೂನಿನಲ್ಲಿ 1906ರಲ್ಲಿ ಅರಣ್ಯ ಸಂಶೋಧನಾ ಸಂಸ್ಥೆ ಶುರುವಾಯ್ತು. ಅಲ್ಲಿ ಸಾವಿರಾರು ಮರದ ತುಂಡುಗಳ ಸಂಗ್ರಹ ಇದೆ. ಪುಸ್ತಕಗಳ ಲೈಬ್ರರಿ ಇದ್ದ ಹಾಗೆ ಮರಗಳ ಲೈಬ್ರರಿ. ಗೊತ್ತಿಲ್ಲದ ಮರ ಬಂದರೆ ಗೊತ್ತಿರೋದರ ಪಕ್ಕ ಇಟ್ಟು ನೋಡ್ತಾರೆ. 1946ರಲ್ಲಿ ಮಾರ್ಟಿಮರ್ ವೀಲರ್ ಹರಪ್ಪದಲ್ಲಿ ಅಗೆದಾಗ ಒಂದು ಶವಪೆಟ್ಟಿಗೆಯ ಮರದ ಅವಶೇಷ ಸಿಕ್ಕಿತು. ಆ ಸಂಸ್ಥೆಯ ಕೆ. ಎ. ಚೌಧರಿ ಮತ್ತು ಎಸ್. ಎಸ್. ಘೋಷ್ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಿದರು: ಪೆಟ್ಟಿಗೆ ಬೀಟೆ, ಮುಚ್ಚಳ ದೇವದಾರು. ನಾಲ್ಕು ಸಾವಿರ ವರ್ಷ ಮಣ್ಣಲ್ಲಿದ್ದ ಮರ ಕೂಡ ತನ್ನ ಕುಲ ಹೇಳಿತು. ದೇವದಾರು ಬೆಳೆಯೋದು ಹಿಮಾಲಯದಲ್ಲಿ. ಹಾಗಾಗಿ ಆ ಒಂದು ಪೆಟ್ಟಿಗೆಯಿಂದ ಅಂದಿನ ಮರದ ವ್ಯಾಪಾರದ ದಾರಿಯೂ ಸ್ವಲ್ಪ ಕಾಣಿಸಿತು.

ನನ್ನ ಭೂತಗನ್ನಡಿಯಲ್ಲಿ ಕಂಡದ್ದು ಕಣ್ಣಿನ ಆಕಾರಗಳು. ಅಲೆಗೆರೆ ಕಾಣಲಿಲ್ಲ, ನೇರಳೆ ಇಲ್ಲ, ಪರಿಮಳವಂತೂ ಹೊಗೆಯದ್ದು. ಆದರೆ ನಾನು ಕೋಡ್ ಬರೆಯೋನು, ಮರ ಓದೋನಲ್ಲ. ಬೇಕಾದ ಉತ್ತರವನ್ನೇ ನೋಡ್ತಿದ್ದೀನೇನೋ ಅಂತ ಅನುಮಾನ. ಅದಕ್ಕೆ ಪುಣೆಯ ಪೇಠೆಯೊಂದರಲ್ಲಿ ಹಳೇ ಸಾಮಾನು ದುರಸ್ತಿ ಮಾಡುವ ಒಬ್ಬ ವಯಸ್ಸಾದ ಬಡಗಿಯ ಹತ್ತಿರ ಹೋದೆ. ಕಥೆ ಏನೂ ಹೇಳಲಿಲ್ಲ. ಅವರು ಮಣೆಯನ್ನು ಎರಡೂ ಅಂಗೈ ಮೇಲೆ ಮೇಲಕ್ಕೂ ಕೆಳಕ್ಕೂ ಆಡಿಸಿದರು. ಬೆರಳ ಗೆಣ್ಣಿನಿಂದ ಬಡಿದರು. ಉಳಿಯಿಂದ ಅಡಿಭಾಗ ಒಂದು ಗೀರು ತೆಗೆದು, ಎಂಜಲು ಸವರಿ ನೋಡಿದರು. "ಹಾ ಶಿಸವ ನಾಹೀ. ಐನ್ ಆಹೇ" ಅಂದರು. ನಾನು ಎರಡು ವಾರ ತಗೊಂಡದ್ದಕ್ಕೆ ಅವರಿಗೆ ಒಂದು ನಿಮಿಷ ಸಾಕಾಯ್ತು.

ಐನ್ ಅಂದ್ರೆ ಏನು ಅಂತ ಮನೆಗೆ ಬಂದು ನೋಡಿದೆ. ಮರಾಠಿಯ ಐನ್, ಹಿಂದಿಯ ಸಾಜ್, ತೆಲುಗಿನ ನಲ್ಲಮದ್ದಿ, ನಮ್ಮ ಮತ್ತಿ. ಎಲ್ಲಾ ಒಂದೇ ಮರ. ಗ್ಯಾಂಬಲ್ ಅಂಥವರ ಪುಸ್ತಕದಲ್ಲಿ ಊರೂರಿನ ಹೆಸರುಗಳು ಯಾಕೆ ತುಂಬಿವೆ ಅಂತ ನನಗೆ ಅವತ್ತು ಅರ್ಥ ಆಯ್ತು. ಮರ ಕಡಿಯೋರು, ಕೆತ್ತೋರು ಕೈಯಲ್ಲೇ ಇಟ್ಟುಕೊಂಡಿದ್ದ ವಿದ್ಯೆಗೆ ಆ ಪುಸ್ತಕಗಳು ತೂಕದ ಅಂಕಿ ಸೇರಿಸಿದವು. ಪುಸ್ತಕದ ಮೇಲೆ ಹೆಸರು ಮಾತ್ರ ಅಧಿಕಾರಿಯದು.

ಕೊನೆಗೆ ಒಂದು ಚಕ್ಕೆಯನ್ನು ಮರ ಗುರುತಿಸುವ ಪ್ರಯೋಗಾಲಯಕ್ಕೂ ಕಳಿಸಿದೆ. ವರದಿಯಲ್ಲಿ ಟರ್ಮಿನೇಲಿಯಾ ಅಂತ ಕುಲದ ಹೆಸರು ಮಾತ್ರ ಇತ್ತು. ಮರದ ತುಂಡು ನೋಡಿ ಕುಲದ ತನಕ ಹೋಗಬಹುದು, ಎಷ್ಟೋ ಸಲ ಅದಕ್ಕಿಂತ ಮುಂದೆ ಹೋಗೋದಕ್ಕೆ ಆಗೋದಿಲ್ಲ. ಮತ್ತಿ ಆ ಕುಲದ್ದು. ಬೀಟೆ ಆ ಕುಲದ್ದಲ್ಲ. ನನಗೆ ಅಷ್ಟು ಸಾಕಿತ್ತು.

ಸರಿ, ಹಾಗಾದ್ರೆ ಅಜ್ಜ ನಿರಪರಾಧಿಯಾ?

ಇಲ್ಲಿ ನಿಲ್ಲಬೇಕು. ಮರದ ಸಾಕ್ಷಿ ಎಷ್ಟು ದೂರ ಹೋಗುತ್ತೆ ಅನ್ನೋದಕ್ಕೆ ಒಂದು ಪ್ರಸಿದ್ಧ ಪ್ರಕರಣ ಇದೆ. 1932ರಲ್ಲಿ ಅಮೆರಿಕದ ವಿಮಾನವೀರ ಚಾರ್ಲ್ಸ್ ಲಿಂಡ್‌ಬರ್ಗ್ ಅವರ ಮಗುವಿನ ಅಪಹರಣ ಆಯ್ತು. ಕಳ್ಳ ಬಿಟ್ಟುಹೋದದ್ದು ಒಂದು ಮನೆಯಲ್ಲೇ ಮಾಡಿದ ಏಣಿ. ಸರ್ಕಾರಿ ಮರ ಪ್ರಯೋಗಾಲಯದ ಆರ್ಥರ್ ಕೋಹ್ಲರ್ ಏಣಿಯನ್ನು ಬಿಚ್ಚಿ, ಯಾವ ತುಂಡು ಯಾವ ಜಾತಿ ಅಂತ ಗುರುತಿಸಿದರು. ರಂದಾ ಯಂತ್ರ ಬಿಟ್ಟ ಗುರುತು ಹಿಡಿದು ಸಾವಿರದ ಐನೂರಕ್ಕೂ ಹೆಚ್ಚು ಮಿಲ್ಲುಗಳಿಗೆ ಪತ್ರ ಬರೆದು, ಸೌತ್ ಕೆರೊಲಿನಾದ ಒಂದು ಮಿಲ್ಲು, ಅಲ್ಲಿಂದ ನ್ಯೂಯಾರ್ಕಿನ ಒಂದು ಮರದ ಅಡ್ಡೆ ತನಕ ಹೋದರು. 1934ರಲ್ಲಿ ಬ್ರೂನೋ ಹಾಪ್ಟ್‌ಮನ್ ಸಿಕ್ಕಿಬಿದ್ದ ಮೇಲೆ, ಏಣಿಯ ಒಂದು ಪಟ್ಟಿಯ ಗೆರೆಗಳು ಅವನ ಅಟ್ಟದ ಹಲಗೆಯ ಗೆರೆಗಳಿಗೆ ಕೂಡುತ್ತವೆ ಅಂತ 1935ರ ವಿಚಾರಣೆಯಲ್ಲಿ ತೋರಿಸಿದರು. ಬರೀ ಜಾತಿ ಗುರುತಿಸಿದ್ದರೆ ಏನೂ ಸಾಬೀತಾಗುತ್ತಿರಲಿಲ್ಲ. ಈ ತುಂಡು ಆ ಹಲಗೆಯದೇ ಅಂತ ಕೂಡಿಸಿ ತೋರಿಸಬೇಕಾಯ್ತು.

ನಮ್ಮ ಊರಿನ ವಿಚಾರಣೆಯಲ್ಲಿ ಜಾತಿಯನ್ನೂ ಯಾರೂ ನೋಡಲಿಲ್ಲ. ವಿಚಿತ್ರ ಏನು ಅಂದ್ರೆ, ನಮ್ಮ ಕಡೆ ಮತ್ತಿ ಗೊತ್ತಿಲ್ಲದ ಮನುಷ್ಯ ಇಲ್ಲ. ಮೊಸಳೆಯ ಚರ್ಮದ ಹಾಗೆ ಬಿರಿದ ತೊಗಟೆ, ದೂರದಿಂದಲೇ ಗುರುತು ಸಿಗುತ್ತೆ. ಅಡಿಕೆ ತೋಟಕ್ಕೆ ಹಾಕುವ ಸೊಪ್ಪು ಬೆಟ್ಟದ ಮತ್ತಿಯದ್ದೇ. ಬೆಟ್ಟದ ಸೊಪ್ಪು ಕೊಯ್ಯುವ ಹಕ್ಕು ತೋಟದವರಿಗೆ ಇತ್ತು. ಅದೇ ಬೆಟ್ಟದಲ್ಲಿ ನಿಂತ ಸಾಗವಾನಿ, ಬೀಟೆ, ಗಂಧ ಸರ್ಕಾರದ್ದು. ಅಂದ್ರೆ ಮತ್ತಿ ನಮ್ಮಂಥವರ ದಿನನಿತ್ಯದ ಮರ, ಬೀಟೆ ಮುಟ್ಟಬಾರದ ಮರ. ಇಷ್ಟು ಗೊತ್ತಿದ್ದ ಜನ ಕೂಡ ಈ ಹಲಗೆಯನ್ನು ತಿರುಗಿಸಿ ನೋಡಲಿಲ್ಲ. ಒಲೆಯ ಹೊಗೆ ಅದನ್ನು ಕಪ್ಪು ಮಾಡಿತು, ಊರಿನ ಮಾತು ಅದನ್ನು ಬೀಟೆ ಮಾಡಿತು. ಮನೆಯವರಿಗೂ ಅವಮಾನ, ಅಟ್ಟದಿಂದ ಇಳಿಸಲೇ ಇಲ್ಲ.

ಹಾಗಾಗಿ ನಾನು ಹೇಳಬಹುದಾದದ್ದು ಇಷ್ಟೇ. ಆ ಬೀಟೆ ಮರ ಯಾರು ಕಡಿದರು, ನನಗೆ ಗೊತ್ತಿಲ್ಲ. ಈ ಮಣೆ ಆ ಮರದ್ದಲ್ಲ. ಎಪ್ಪತ್ತು ವರ್ಷ ಅಜ್ಜನ ವಿರುದ್ಧ ಇದ್ದ ಒಂದೇ ಒಂದು ಸಾಕ್ಷಿ, ಸಾಕ್ಷಿಯೇ ಅಲ್ಲ.

ದೊಡ್ಡಪ್ಪನಿಗೆ ಫೋನ್ ಮಾಡಿದೆ. ತೂಕ, ನೀರು, ಐನ್, ವರದಿ, ಎಲ್ಲಾ ಹೇಳಿದೆ. ಬಹಳ ಹೊತ್ತು ಆ ಕಡೆಯಿಂದ ಟಿವಿ ಸದ್ದು ಮಾತ್ರ ಬರ್ತಿತ್ತು. ಆಮೇಲೆ ಹೇಳಿದರು: "ಹಂಗಾರೆ ಅದರ ಮೇಲೆ ಕೂತು ಉಣ್ಲಾಗಿತ್ತಲ್ಲೋ ತಮಾ."

ಅಡಿಗೆ ಹೊಸ ಪಟ್ಟಿ ಹೊಡೆಸಿದ್ದೇನೆ, ಅದೇ ಬಡಗಿಯ ಕೈಯಲ್ಲಿ. ಮುಂದಿನ ಚೌತಿಗೆ ಮಣೆಯನ್ನು ಊರಿಗೆ ಒಯ್ಯುತ್ತೇನೆ. ಆವತ್ತು ಊಟಕ್ಕೆ ದೊಡ್ಡಪ್ಪ ಅದರ ಮೇಲೆ ಕೂರಬೇಕು ಅನ್ನೋದು ನನ್ನ ಆಸೆ. ಮಂಡಿ ನೋವು ಅಂತ ಈಗ ಕುರ್ಚಿಯ ಮೇಲೆ ಕೂರ್ತಾರೆ, ಆದರೂ ಕೇಳಿ ನೋಡ್ತೀನಿ.

ನಿಮ್ಮ ಮನೆಯಲ್ಲೂ ಊರಿಂದ ತಂದ ಪೆಟ್ಟಿಗೆ, ಒರಳು, ಮಣೆ, ತೊಟ್ಟಿಲು ಏನಾದರೂ ಇರಬಹುದು. ಅದು ಯಾವ ಮರ ಅಂತ ಮನೆಯಲ್ಲಿ ಹೇಳಿದ್ದನ್ನು ಒಮ್ಮೆ ಪಕ್ಕಕ್ಕಿಟ್ಟು, ತೂಕ ಮಾಡಿ, ಅಡಿಭಾಗ ತಿರುಗಿಸಿ, ತುದಿ ನೋಡಿ.